ಒಂದಕ್ಕೆ ಎಷ್ಟು? ಕೆಜಿಗೆ, ಲೀಟರ್‌ಗೆ, ಗಂಟೆಗೆ ಲೆಕ್ಕ ತಪ್ಪದೇ ಹಾಕೋ ಕ್ರಮ

ತೀರ್ಥಹಳ್ಳಿ ಕಡೆ ನಮ್ಮ ಮನೆ ಜಗಲೀಲಿ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಳು ಲೆಕ್ಕ ಮಾಡೋಕೆ ಬಂದು ಕೂರ್ತಾರೆ, ಅಡಿಕೆ ಸೀಸನ್ ಬಂತು ಅಂದ್ರೆ ಅವರ ಅಪ್ಪ ಅಮ್ಮಂದಿರೂ ಮಂಡಿ ಪಟ್ಟಿ (ಅಡಿಕೆ ಮಾರಿದ ಬಿಲ್ಲು) ಹಿಡ್ಕೊಂಡು ಬರ್ತಾರೆ. ಮಕ್ಳು ಎಡವೋದೂ ದೊಡ್ಡೋರು ಎಡವೋದೂ ಒಂದೇ ಜಾಗದಲ್ಲಿ. ಭಾಗಾಕಾರ ಬರಲ್ಲ ಅಂತಲ್ಲ, ಫೋನ್ ಇದೆ, ಅದು ಮಾಡ್ಕೊಡ್ತದೆ, ಆದ್ರೆ ಯಾವುದನ್ನ ಯಾವುದರಿಂದ ಭಾಗಿಸ್ಬೇಕು ಅನ್ನೋದೇ ಗೊತ್ತಾಗಲ್ಲ.

ಹೋದ ವಾರದ್ದೇ ನೋಡಿ. 500 ಗ್ರಾಂ ತೊಗರಿಬೇಳೆಗೆ 90 ರೂಪಾಯಿ, ಗ್ರಾಂಗೆ ಎಷ್ಟಾಯ್ತು ಅಂತ ಏಳನೇ ಕ್ಲಾಸಿನ ಹುಡುಗಿಗೆ ಕೇಳಿದೆ. 500 ÷ 90 ಮಾಡಿ 5 ರೂಪಾಯಿ 55 ಪೈಸೆ ಅಂದ್ಲು. ಹಂಗಾದ್ರೆ ಕೆಜಿ ಬೇಳೆಗೆ ಐದೂವರೆ ಸಾವಿರ ಆಯ್ತಲ್ಲೇ ಪುಟ್ಟಿ ಅಂದೆ, ಬಳಪ ಹಿಡ್ಕೊಂಡು ಹಂಗೇ ಕೂತ್ಬಿಟ್ಲು. ಯಾಕೆ 500ನ ಮೇಲೆ ಹಾಕಿದೆ ಅಂತ ಕೇಳಿದ್ದಕ್ಕೆ "ಅದು ದೊಡ್ಡದಲ್ವಾ" ಅಂದ್ಲು. ರೋಗ ಇರೋದೇ ಇಲ್ಲಿ. ದೊಡ್ಡ ಸಂಖ್ಯೆನ ಸಣ್ಣದರಿಂದ ಭಾಗಿಸ್ಬೇಕು ಅಂತ ಸಣ್ಣ ಕ್ಲಾಸಲ್ಲಿ ಮನಸಿಗೆ ಕೂತಿದ್ದು ಹತ್ತನೇ ಕ್ಲಾಸಿಗೆ ಬಂದ್ರೂ ಎದ್ದು ಹೋಗಿರಲ್ಲ. ಅದನ್ನ ಬಿಡಿಸೋಕೆ ನಾನು ಹಿಡಿದ ದಾರಿ ಇದು, ಕ್ರಮ ಬದಲಾಯಿಸ್ಬೇಡಿ, ಒಂದಾದ ಮೇಲೆ ಒಂದು ಮಾಡಿ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು, ಫೋನಲ್ಲಿ ಕ್ಯಾಲ್ಕುಲೇಟರ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟು ಬರೆದಿಟ್ಕೊಳ್ಳಿ: 1 ಕೆಜಿ ಅಂದ್ರೆ 1000 ಗ್ರಾಂ, 1 ಕ್ವಿಂಟಾಲ್ ಅಂದ್ರೆ 100 ಕೆಜಿ, 1 ಲೀಟರ್ ಅಂದ್ರೆ 1000 ಎಂಎಲ್, 1 ಗಂಟೆ ಅಂದ್ರೆ 60 ನಿಮಿಷ, 1 ಎಕರೆ ಅಂದ್ರೆ 40 ಗುಂಟೆ, 1 ಗುಂಟೆ ಅಂದ್ರೆ 1089 ಚದರ ಅಡಿ, 1 ಡಜನ್ ಅಂದ್ರೆ 12. ಬಾಯಿಪಾಠ ಬೇಡ, ನೋಡ್ಕೊಂಡೇ ಮಾಡಿ. ಕೊಳಗ, ಸೇರಿನ ಲೆಕ್ಕ ಇನ್ನೂ ಇಟ್ಕೊಂಡಿರೋ ಮನೆಯೋರು ನಿಮ್ಮ ಮನೆ ಕೊಳಗಕ್ಕೆ ಎಷ್ಟು ಕೆಜಿ ಹಿಡೀತದೆ ಅಂತ ಒಂದ್ಸಲ ತೂಕ ಹಾಕಿ ಬರೆದಿಡಿ, ಯಾಕಂದ್ರೆ ಕೊಳಗ ಊರಿಂದ ಊರಿಗೆ ಬೇರೆ.

ಹಂತ 1: ಪ್ರಶ್ನೆನ ಬಾಯಲ್ಲಿ ಹೇಳಿ, ಬಾಲ ಹುಡುಕಿ

ಸಂಖ್ಯೆ ಮುಟ್ಟೋಕಿಂತ ಮುಂಚೆ, ನಿಮಗೆ ಬೇಕಾಗಿರೋದು ಏನು ಅಂತ ಒಂದು ಸಾಲು ಬರೀರಿ. ಕೆಜಿಗೆ ಎಷ್ಟು ರೂಪಾಯಿ. ಲೀಟರ್‌ಗೆ ಎಷ್ಟು ಕಿಲೋಮೀಟರ್. ಗಂಟೆಗೆ ಎಷ್ಟು ಕಿಲೋಮೀಟರ್. ಎಕರೆಗೆ ಎಷ್ಟು ಕ್ವಿಂಟಾಲ್. ದಿನಕ್ಕೆ ಎಷ್ಟು ಗ್ರಾಂ.

ಈಗ ನೋಡಿ, ಪ್ರತಿ ಸಾಲಲ್ಲೂ ಒಂದು ಪದಕ್ಕೆ "ಗೆ" ಅಥವಾ "ಕ್ಕೆ" ಅಂತ ಬಾಲ ಇದೆ. ಬಾಲ ಇರೋ ಪದ ಕೆಳಗೆ, "ಎಷ್ಟು" ಪಕ್ಕ ಇರೋ ಪದ ಮೇಲೆ. ಇಷ್ಟೇ ನಿಯಮ. ಯಾವುದು ದೊಡ್ಡದು ಯಾವುದು ಸಣ್ಣದು ಅಂತ ನೋಡೋದೇ ಬೇಡ. ಗ್ರಾಂಗೆ ಎಷ್ಟು ರೂಪಾಯಿ: ಗ್ರಾಂ ಕೆಳಗೆ, ರೂಪಾಯಿ ಮೇಲೆ, 90 ÷ 500 = 0.18. ಗ್ರಾಂಗೆ 18 ಪೈಸೆ, ಕೆಜಿಗೆ 180 ರೂಪಾಯಿ. ನಮ್ಮ ಭಾಷೇಲೇ ಲೆಕ್ಕದ ದಾರಿ ಇಷ್ಟು ಸಲೀಸಾಗಿ ಕೂತಿದೆ, ಅದನ್ನ ಮಕ್ಳಿಗೆ ತೋರಿಸಲ್ಲ ಅನ್ನೋದು ನಂಗೆ ಬೇಜಾರು.

ಇಲ್ಲಿ ಮೂರು ಕಡೆ ಜಾರ್ತಾರೆ, ನಿಧಾನಕ್ಕೆ ಓದಿ.

ಒಂದು, ಬಾಲನ ನಿಮ್ಮ ಪ್ರಶ್ನೇಲಿ ಹುಡುಕ್ಬೇಕು, ಅಂಗಡಿಯೋರ ಮಾತಲ್ಲಿ ಅಲ್ಲ. ಸಂತೇಲಿ "ಐವತ್ತಕ್ಕೆ ಎರಡು ಕೆಜಿ, ಐವತ್ತಕ್ಕೆ ಎರಡು ಕೆಜಿ" ಅಂತ ಕೂಗ್ತಾ ಇರ್ತಾರಲ್ಲ, ಅಲ್ಲಿ ಬಾಲ ಇರೋದು ರೂಪಾಯಿಗೆ. ಅದನ್ನೇ ಹಿಡ್ಕೊಂಡು ಮಾಡಿದ್ರೆ 2 ÷ 50 ಆಗಿ ರೂಪಾಯಿಗೆ ಎಷ್ಟು ಕೆಜಿ ಅಂತ ಬರ್ತದೆ, 0.04 ಕೆಜಿ, ಅಂದ್ರೆ ರೂಪಾಯಿಗೆ 40 ಗ್ರಾಂ. ತಪ್ಪಲ್ಲ, ಆದ್ರೆ ನೀವು ಕೇಳಿದ್ದು ಅದಲ್ಲ. ನಿಮ್ಮ ಪ್ರಶ್ನೆ ಕೆಜಿಗೆ ಎಷ್ಟು ರೂಪಾಯಿ, ಹಾಗಾಗಿ 50 ÷ 2 = 25.

ಎರಡು, ಅಳತೆ ಅಲ್ಲದ ಪದಕ್ಕೂ ಬಾಲ ಇರ್ತದೆ. "ನಮ್ಮ ಬೈಕಿಗೆ ಲೀಟರ್‌ಗೆ ಎಷ್ಟು ಕೊಡ್ತದೆ" ಅಂದಾಗ ಬೈಕು ಅಳತೆ ಅಲ್ಲ, ಅದನ್ನ ಬಿಡಿ. ಎಣಿಸೋಕೆ, ತೂಗೋಕೆ, ಅಳೆಯೋಕೆ ಬರೋ ಪದದ ಬಾಲ ಮಾತ್ರ ಲೆಕ್ಕಕ್ಕೆ.

ಮೂರು, "8 ಗಂಟೆಗೆ ಬಸ್ಸು ಹೊರಟಿತು" ಅಂತ ಇದ್ರೆ ಅದು ಗಡಿಯಾರದ ಹೊತ್ತು, ಅಳತೆ ಅಲ್ಲ. ಆ 8ರಿಂದ ಭಾಗಿಸಿದ ಉತ್ತರಪತ್ರಿಕೆ ನಾನು ಎಷ್ಟು ನೋಡಿದೀನೋ.

ಹಂತ 2: ಬೇಕಾದ ಎರಡೇ ಸಂಖ್ಯೆ ಎತ್ತಿ, ಹೆಸರು ಸಮೇತ

ಒಂದರ ಲೆಕ್ಕಕ್ಕೆ ಎರಡೇ ಸಂಖ್ಯೆ ಸಾಕು. ಆದ್ರೆ ಪ್ರಶ್ನೇಲಾಗ್ಲಿ ಬಿಲ್ಲಲ್ಲಾಗ್ಲಿ ನಾಲ್ಕೈದು ಇರ್ತವೆ. ಬೈಕಿನ ಮೈಲೇಜ್ ತಗೊಳ್ಳಿ. ಟ್ಯಾಂಕ್ ಫುಲ್ ಮಾಡಿದಾಗ ಮೀಟರ್ 18,240 ಇತ್ತು, ಓಡಿಸಿ ಮತ್ತೆ ಫುಲ್ ಮಾಡಿದಾಗ 18,540, ಈ ಸಲ ಹಿಡಿದ ಪೆಟ್ರೋಲ್ 6.25 ಲೀಟರ್, ಕೊಟ್ಟ ದುಡ್ಡು 644 ರೂಪಾಯಿ. ಮೀಟರ್ ರೀಡಿಂಗ್ 18,540ನೇ ಭಾಗಿಸಿಬಿಟ್ಟು ಲೀಟರ್‌ಗೆ ಮೂರು ಸಾವಿರ ಕಿಮೀ ಬಂತು ಅಂತ ಬರೆಯೋರಿದ್ದಾರೆ. ಓಡಿದ್ದು ಎಷ್ಟು ಅನ್ನೋದು ಎರಡರ ವ್ಯತ್ಯಾಸ, 300 ಕಿಮೀ.

ಈಗ ಕೈಲಿರೋದು ಮೂರು ಸಂಖ್ಯೆ, ಅದರಿಂದ ಮೂರು ಬೇರೆ ಬೇರೆ ಪ್ರಶ್ನೆ ಕೇಳ್ಬಹುದು:

ಲೀಟರ್‌ಗೆ ಎಷ್ಟು ಕಿಮೀ? 300 ÷ 6.25 = 48.
ಕಿಮೀಗೆ ಎಷ್ಟು ರೂಪಾಯಿ? 644 ÷ 300 = 2.15 ಹತ್ತತ್ರ.
ಲೀಟರ್‌ಗೆ ಎಷ್ಟು ರೂಪಾಯಿ? 644 ÷ 6.25 = 103.04.

ಪ್ರತಿ ಪ್ರಶ್ನೇಲೂ ಎರಡೇ ಸಂಖ್ಯೆ ಕೆಲಸ ಮಾಡಿದ್ದು, ಮೂರನೇದು ಸುಮ್ನೆ ಕೂತಿತ್ತು. ಬರೆಯುವಾಗ ಬರೀ 300 ಅಂತ ಬರೀಬೇಡಿ, 300 ಕಿಮೀ ಅಂತ ಬರೀರಿ. ಹೆಸರು ಬಿಟ್ಟ ಸಂಖ್ಯೆ ಎರಡು ನಿಮಿಷ ಬಿಟ್ಟು ನೋಡಿದ್ರೆ ಏನು ಅಂತಲೇ ಗೊತ್ತಾಗಲ್ಲ.

ಹಂತ 3: ಭಾಗಿಸೋಕಿಂತ ಮುಂಚೆ ಅಳತೆ ಸರಿ ಮಾಡ್ಕೊಳ್ಳಿ

ದುಡ್ಡು ಹೋಗೋದು ಈ ಹಂತದಲ್ಲೇ. ದೊಡ್ಡ ಅಳತೆ ಮತ್ತು ಸಣ್ಣ ಅಳತೆ ಎರಡೂ ಒಟ್ಟಿಗೆ ಬಂದಾಗ ಮಧ್ಯ ಒಂದು ಪಾಯಿಂಟ್ ಹಾಕಿ ಮುಗಿಸಿಬಿಡ್ತಾರೆ, ಅದೇ ತಪ್ಪು.

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 72 ಕಿಮೀ. ಬಸ್ಸು 8 ಗಂಟೆಗೆ ಬಿಟ್ಟು 9:45ಕ್ಕೆ ಮುಟ್ಟಿತು ಅಂತಿಟ್ಕೊಳ್ಳಿ. 1 ಗಂಟೆ 45 ನಿಮಿಷ. ಅದನ್ನ 1.45 ಅಂತ ಒತ್ತಿದ್ರೆ ಗಂಟೆಗೆ 49.7 ಕಿಮೀ ಬರ್ತದೆ. ಆದ್ರೆ 45 ನಿಮಿಷ ಅಂದ್ರೆ ಮುಕ್ಕಾಲು ಗಂಟೆ, 45 ÷ 60 = 0.75, ಹಾಗಾಗಿ 72 ÷ 1.75 = 41.1. ನಿಮಿಷನ ಯಾವಾಗ್ಲೂ 60ರಿಂದ ಭಾಗಿಸಿ ಆಮೇಲೆ ಗಂಟೆಗೆ ಸೇರಿಸಿ.

ಅಡಿಕೆ ತೂಕದಲ್ಲಿ ಇದೇ ತಪ್ಪು ಆದ್ರೆ ಪೆಟ್ಟು ಜೋರು. ರಾಶಿ ಅನ್ನೋ ದರ್ಜೆಯ ಅಡಿಕೆ ಕ್ವಿಂಟಾಲ್‌ಗೆ 48,000, ನಿಮ್ಮ ತೂಕ 3 ಕ್ವಿಂಟಾಲ್ 5 ಕೆಜಿ ಅಂತಿಟ್ಕೊಳ್ಳಿ. 3.5 ಅಂತ ಒತ್ತಿದ್ರೆ 1,68,000 ತೋರಿಸ್ತದೆ. ಅದನ್ನ ತಲೇಲಿಟ್ಕೊಂಡು ಮಂಡಿಗೆ ಹೋಗಿ ಜಗಳ ಆಡಿದೋರನ್ನ ಕಂಡಿದೀನಿ. ಸರಿ ಲೆಕ್ಕ 3.05, ಅಂದ್ರೆ 1,46,400. ವ್ಯತ್ಯಾಸ 21,600 ರೂಪಾಯಿ. ಇದಕ್ಕೆ ನಾನು ಹೇಳೋ ಉಪಾಯ, ಕ್ವಿಂಟಾಲ್‌ನ ಮನೇಲಿ ಬಿಟ್ಟುಬಿಡಿ, ಎಲ್ಲಾನೂ ಕೆಜಿಗೆ ತನ್ನಿ: 305 ಕೆಜಿ, ಕೆಜಿಗೆ 480. ಪಾಯಿಂಟೇ ಬರಲ್ಲ, ತಪ್ಪೋಕೆ ಜಾಗವೂ ಇಲ್ಲ.

ಗುಂಟೆದೂ ಹಾಗೇ. 1 ಎಕರೆ 10 ಗುಂಟೆ ಅಂದ್ರೆ 1.10 ಅಲ್ಲ, 10 ÷ 40 = 0.25, ಒಂದೂಕಾಲು ಎಕರೆ. ಪಹಣೀಲಿ 1-10 ಅಂತ ಬರೆದಿರೋದನ್ನ ಪಾಯಿಂಟ್ ಅಂದ್ಕೊಳ್ಬೇಡಿ.

ಹಂತ 4: ಈಗ ಭಾಗಿಸಿ

ಕ್ಯಾಲ್ಕುಲೇಟರಲ್ಲಿ ಮೊದಲು ಒತ್ತೋದು ಮೇಲಿನ ಸಂಖ್ಯೆ, ಆಮೇಲೆ ಭಾಗಾಕಾರದ ಗುರುತು, ಆಮೇಲೆ ಬಾಲದ ಸಂಖ್ಯೆ. ಉತ್ತರದ ಪಕ್ಕ ತಕ್ಷಣ "ಕೆಜಿಗೆ ರೂಪಾಯಿ" ಅಂತ ಬರೀರಿ.

ಪಾಯಿಂಟ್ ಆದ್ಮೇಲಿನ ಅಂಕೆ ಬೇಗ ಕಡೀಬೇಡಿ. ಮೇಲಿನ ಬೈಕಿನ ಲೆಕ್ಕದಲ್ಲಿ ಕಿಮೀಗೆ 2.15 ಬಂತು, ಅದನ್ನ 2 ಅಂತ ಇಟ್ಕೊಂಡು 600 ಕಿಮೀ ಟೂರಿಗೆ 1200 ಸಾಕು ಅಂತ ಹೊರಟ್ರೆ ದಾರೀಲಿ 90 ರೂಪಾಯಿ ಕಮ್ಮಿ ಬೀಳ್ತದೆ. ಎಷ್ಟು ಅಂಕೆ ಕಡೀಬೇಕೋ ಅದು ಕಟ್ಟಕಡೇಲಿ, ಒಂದೇ ಸಲ.

ಹಂತ 5: ತಿರುಗಿಸಿ ಗುಣಿಸಿ ನೋಡಿ

ಬಂದ ಉತ್ತರನ ಬಾಲದ ಸಂಖ್ಯೆ ಜೊತೆ ಗುಣಿಸಿದ್ರೆ ಮೇಲಿನ ಸಂಖ್ಯೆ ವಾಪಸ್ ಬರ್ಬೇಕು. 0.18 × 500 = 90, ಸರಿ. ಆದ್ರೆ ಇದು ಭಾಗಾಕಾರದ ತಪ್ಪು ಮಾತ್ರ ಹಿಡೀತದೆ, ತಲೆಕೆಳಗೆ ಹಾಕಿದ್ದನ್ನ ಹಿಡಿಯಲ್ಲ, 5.55ನ 90ಕ್ಕೆ ಗುಣಿಸಿದ್ರೂ 500ರ ಹತ್ತಿರಕ್ಕೆ ಬಂದೇ ಬರ್ತದೆ. ತಲೆಕೆಳಗಾಗಿದ್ದು ಗೊತ್ತಾಗೋದು ಉತ್ತರನ ಗಟ್ಟಿಯಾಗಿ ಓದಿದಾಗ: "ಬೇಳೆ ಗ್ರಾಂಗೆ ಐದೂವರೆ ರೂಪಾಯಿ". ಬಾಯಲ್ಲಿ ಹೇಳಿದ್ರೆ ಅಡುಗೆಮನೆಯಿಂದ ಅಮ್ಮನೇ ತಪ್ಪು ಅಂತ ಕೂಗ್ತಾರೆ.

ಹಂತ 6: ಎರಡನ್ನ ಹೋಲಿಸೋದು

ಅಂಗಡೀಲಿ ಒಂದರ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲಿ. ಎರಡಕ್ಕೂ ಒಂದೇ ಅಳತೆಗೆ ರೇಟು ತೆಗೀಬೇಕು, ಒಂದಕ್ಕೆ ಗ್ರಾಂ ಇನ್ನೊಂದಕ್ಕೆ ಕೆಜಿ ಇಟ್ಕೊಂಡು ಹೋಲಿಸೋಕಾಗಲ್ಲ.

ಅಕ್ಕಿ ಚೀಲ: 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಆಮೇಲಿಂದ 26 ಕೆಜಿ ಚೀಲ ಅಂಗಡೀಲಿ ಕಾಣೋಕೆ ಶುರುವಾಯ್ತು. ನೋಡೋಕೆ ಎರಡೂ ಒಂದೇ ಥರ. 25 ಕೆಜಿಗೆ 1,400, 26 ಕೆಜಿಗೆ 1,430 ಅಂದ್ರೆ 30 ರೂಪಾಯಿ ಜಾಸ್ತಿ ಅನ್ಸ್ತದೆ, ಆದ್ರೆ ಕೆಜಿಗೆ 56 ಮತ್ತು 55. ಚೀಲದ ಮೇಲಿನ ತೂಕ ಓದದೆ ರೇಟು ಕೇಳ್ಬೇಡಿ.

ಎಣ್ಣೆ ಪ್ಯಾಕೆಟ್: ಎಣ್ಣೆ ನೀರಿಗಿಂತ ಹಗುರ, 1 ಲೀಟರ್ ಅಂದ್ರೆ ಸುಮಾರು 910 ಗ್ರಾಂ. ಎಲ್ಲಾ ಪ್ಯಾಕೆಟೂ 1 ಲೀಟರ್ ಇರಲ್ಲ, ಕೆಲವು ನೋಡೋಕೆ ಅಷ್ಟೇ ಇದ್ರೂ ಗ್ರಾಂ ಕಮ್ಮಿ ಇರ್ತದೆ. 910 ಗ್ರಾಂ 150 ರೂಪಾಯಿ, ಪಕ್ಕದ್ದು 850 ಗ್ರಾಂ 142 ರೂಪಾಯಿ. ಕೆಜಿಗೆ ತಂದ್ರೆ ಮೊದಲನೇದು ಸುಮಾರು 165, ಎರಡನೇದು 167. ಅಗ್ಗ ಅಂತ ಕೈಗೆತ್ಕೊಂಡಿದ್ದೇ ದುಬಾರಿ.

ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆ ಯುಎಸ್‌ಪಿ ಅಂತ ಇನ್ನೊಂದು ಸಂಖ್ಯೆ ಇರ್ತದೆ, ಅದೇ ಒಂದರ ಬೆಲೆ. ತುಂಬಾ ಒಳ್ಳೇದು, ನೋಡಿ. ಆದ್ರೆ 1 ಕೆಜಿಗಿಂತ ಕಮ್ಮಿ ಇರೋ ಪ್ಯಾಕೆಟಲ್ಲಿ ಗ್ರಾಂಗೆ ಹಾಕಿರ್ತಾರೆ, ಜಾಸ್ತಿ ಇರೋದ್ರಲ್ಲಿ ಕೆಜಿಗೆ. 500 ಗ್ರಾಂ ಸೋಪಿನ ಪುಡಿ ಮೇಲೆ 0.13, 4 ಕೆಜಿ ಮೇಲೆ 125 ಅಂತ ಇದ್ರೆ, 0.13ನ 1000ಕ್ಕೆ ಗುಣಿಸಿ 130 ಅಂತ ಮಾಡ್ಕೊಂಡು ಆಮೇಲೆ ಹೋಲಿಸಿ. ಆ ಸಂಖ್ಯೆ ಎಂಆರ್‌ಪಿ ಮೇಲಿನದ್ದು, ಅಂಗಡಿಯೋರು ಕಮ್ಮಿ ಮಾಡಿ ಕೊಟ್ರೆ ನೀವೇ ಹೊಸದಾಗಿ ಹಾಕ್ಬೇಕು.

ಹಂತ 7: ಹಸಿ ಕೊಡೋದಾ, ಒಣಗಿಸಿ ಕೊಡೋದಾ

ನಮ್ಮ ಕಡೆ ಪ್ರತಿ ವರ್ಷ ಕೇಳೋ ಪ್ರಶ್ನೆ ಇದು, ಇದರಲ್ಲಿ ಮೇಲಿನ ಎಲ್ಲಾ ಹಂತವೂ ಬರ್ತದೆ, ಹಾಗಾಗಿ ಪೂರ್ತಿ ಮಾಡಿ ತೋರಿಸ್ತೀನಿ. ರೇಟು, ಇಳುವರಿ ನಿಮ್ಮದು ಹಾಕ್ಕೊಳ್ಳಿ.

ಹಸಿ ಅಡಿಕೆ ಕ್ವಿಂಟಾಲ್‌ಗೆ 5,500 ಅಂತ ಕೇಳ್ತಿದ್ದಾರೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ನಿಮ್ಮ ತೋಟದ್ದು ಕ್ವಿಂಟಾಲ್ ಹಸಿಗೆ 13 ಕೆಜಿ ಒಣ ಅಡಿಕೆ ಬೀಳ್ತದೆ, ಒಣದಕ್ಕೆ ಕೆಜಿಗೆ 480 ಇದೆ. ತಪ್ಪು ಮಾಡೋರು ಹಸಿ ಕೆಜಿಯ 55ನೂ (5,500 ÷ 100) ಒಣ ಕೆಜಿಯ 480ನೂ ಪಕ್ಕ ಪಕ್ಕ ಇಟ್ಟು "ಅಯ್ಯೋ ಒಂಬತ್ತು ಪಟ್ಟು" ಅಂತಾರೆ. ಹಸಿ ಕೆಜಿ ಬೇರೆ, ಒಣ ಕೆಜಿ ಬೇರೆ, ಹೆಸರು ಒಂದೇ ಆದ್ರೂ ಅಳತೆ ಒಂದೇ ಅಲ್ಲ.

ಪ್ರಶ್ನೆ: ಒಣ ಕೆಜಿಗೆ, ಹಸಿ ಮಾರಿದ್ರೆ ಎಷ್ಟು ರೂಪಾಯಿ ಸಿಕ್ಕಂಗಾಯ್ತು? ಬಾಲ ಒಣ ಕೆಜಿಗೆ, ಅದು ಕೆಳಗೆ. 5,500 ÷ 13 = 423. ಅಂದ್ರೆ 480 ಮತ್ತು 423ರ ಮಧ್ಯ ಒಣ ಕೆಜಿಗೆ 57 ರೂಪಾಯಿ ಉಳೀತು. ಸುಲಿಯೋ ಕೂಲಿ, ಸೌದೆ, ಹಂಡೆ, ಒಣಗಿಸೋ ಆಳು, ಮಳೆ ಮೋಡ ಬಂದ್ರೆ ಓಡಿ ಮುಚ್ಚೋ ಕಷ್ಟ ಎಲ್ಲಾ ಈ 57ರೊಳಗೆ ಮುಗೀಬೇಕು. ಮುಗೀತದಾ ಇಲ್ವಾ ಅನ್ನೋದು ಮನೆ ಮನೆಗೂ ಬೇರೆ, ಮನೆಯೋರೇ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂರೋ ಮನೆಗೂ ಕೂಲಿ ಕೊಟ್ಟು ಸುಲಿಸೋ ಮನೆಗೂ ಒಂದೇ ಉತ್ತರ ಹೇಗೆ ಬರ್ತದೆ.

ಮಂಡಿ ಪಟ್ಟಿ ಬಂದ್ಮೇಲೆ ಇನ್ನೊಂದು ರೇಟು ತೆಗೆದಿಡಿ. 305 ಕೆಜಿಗೆ 1,46,400 ಆಗಿ, ಹಮಾಲಿ ಅದು ಇದು ಕಳೆದು ಕೈಗೆ 1,44,570 ಬಂತು ಅಂದ್ರೆ, ಕೈಗೆ ಬಂದ ರೇಟು ಕೆಜಿಗೆ 474. ಎರಡು ಕಡೆ ಹೋಲಿಸೋವಾಗ ಬೋರ್ಡಿನ ರೇಟಲ್ಲ, ಇದನ್ನ ಇಟ್ಕೊಳ್ಳಿ.

ಎರಡು ಬಾಲ ಬಂದ್ರೆ

4 ಜನ 3 ಗಂಟೆ ಕೂತು 72 ಕೆಜಿ ಅಡಿಕೆ ಸುಲಿದ್ರು. ಒಬ್ಬರಿಗೆ ಗಂಟೆಗೆ ಎಷ್ಟು ಕೆಜಿ? ಇಲ್ಲಿ ಬಾಲ ಎರಡು, ಎರಡೂ ಕೆಳಗೆ: 72 ÷ 4 ÷ 3 = 6. 72 ÷ 4 ಮಾಡಿ 18ಕ್ಕೆ ನಿಲ್ಲಿಸಿದ್ರೆ ಅದು ಒಬ್ಬರು ಮೂರು ಗಂಟೇಲಿ ಸುಲಿದಿದ್ದು, 72 ÷ 3 ಮಾಡಿ 24ಕ್ಕೆ ನಿಲ್ಲಿಸಿದ್ರೆ ನಾಲ್ಕೂ ಜನ ಸೇರಿ ಒಂದು ಗಂಟೇಲಿ ಸುಲಿದಿದ್ದು.

ಭಾಗಿಸಬಾರದ ಕಡೆ ಭಾಗಿಸೋದು

ಜನ ಜಾಸ್ತಿ ಆದಷ್ಟೂ ದಿನ ಕಮ್ಮಿ ಆಗೋ ಲೆಕ್ಕಕ್ಕೆ ಈ ದಾರಿ ನಡೆಯಲ್ಲ, ಪುಸ್ತಕದಲ್ಲಿ ವಿಲೋಮ ಅನುಪಾತ ಅಂತಾರೆ. 4 ಜನಕ್ಕೆ 6 ದಿನದ ಕೆಲಸ, 8 ಜನ ಬಂದ್ರೆ ಎಷ್ಟು ದಿನ? 6 ÷ 4 ಮಾಡಿ 8ಕ್ಕೆ ಗುಣಿಸಿ 12 ದಿನ ಅಂತ ಬರೀತಾರೆ ಮಕ್ಳು. ಅದೇ ಮಕ್ಳ ಅಜ್ಜನ್ನ ಕೇಳಿ, "24 ಆಳಿನ ಕೆಲಸ, 8 ಆಳು ಬಂದ್ರೆ ಮೂರು ದಿನ" ಅಂತ ತಟ್ಟಂತ ಹೇಳ್ತಾರೆ. ಒಬ್ಬರ ಒಂದು ದಿನದ ಕೆಲಸ ಅಂದ್ರೆ ಒಂದು ಆಳು; ಮೊದಲು ಗುಣಿಸಿ ಒಟ್ಟು ಆಳು ತೆಗೀರಿ (4 × 6 = 24), ಆಮೇಲೆ ಭಾಗಿಸಿ (24 ÷ 8 = 3).

ಶುರುವಿನ ಚಾರ್ಜ್ ಇರೋ ಕಡೆನೂ ಹುಷಾರು. ಟೆಂಪೋಗೆ ಲೋಡಿಂಗ್ ಅಂತ 500, ಮೇಲೆ ಕಿಮೀಗೆ 20 ಅಂತ ಇದ್ರೆ 10 ಕಿಮೀಗೆ 700 ಆಗ್ತದೆ. 700 ÷ 10 = 70 ಅಂತ ತೆಗೆದು 30 ಕಿಮೀಗೆ 2,100 ಅಂದ್ರೆ ತಪ್ಪು, ನಿಜವಾಗಿ 1,100. ಮೊದಲು 500 ಕಳೀರಿ. ಕರೆಂಟ್ ಬಿಲ್ಲಿನ ನಿಗದಿತ ಶುಲ್ಕಕ್ಕೂ ಇದೇ ಮಾತು.

ಎರಡು ರೇಟಿನ ಮಧ್ಯ ತೆಗೆಯೋದು ಇನ್ನೊಂದು. ಆಗುಂಬೆ ಕಡೆ ಹೋಗ್ತಾ 60 ಕಿಮೀ ದಾರೀಲಿ ಮಳೆಗೆ ಗಂಟೆಗೆ 30ರಲ್ಲಿ ಹೋಗಿ, ಬರ್ತಾ ಅದೇ ದಾರೀಲಿ 60ರಲ್ಲಿ ಬಂದ್ರೆ ಸರಾಸರಿ 45 ಅಲ್ಲ. ಹೋಗೋಕೆ 2 ಗಂಟೆ, ಬರೋಕೆ 1 ಗಂಟೆ, 120 ÷ 3 = 40.

ನಿಲ್ಲಿಸಿ ನೋಡ್ಬೇಕಾದ ಗುರುತು

ಕೆಜಿ ಬೆಲೆಗಿಂತ ಗ್ರಾಂ ಬೆಲೆ ಜಾಸ್ತಿ ಬಂದ್ರೆ, ಮಲೆನಾಡು ರಸ್ತೇಲಿ ಬಸ್ಸು ಗಂಟೆಗೆ 120 ಓಡಿದ್ರೆ, ಬೈಕು ಲೀಟರ್‌ಗೆ 0.02 ಕೊಟ್ರೆ, ಜನ ಜಾಸ್ತಿ ಆಗಿ ದಿನವೂ ಜಾಸ್ತಿ ಆದ್ರೆ, ಉತ್ತರದ ಪಕ್ಕ ಯಾವ ಹೆಸರು ಬರೀಬೇಕು ಅಂತಲೇ ತೋಚದಿದ್ರೆ, ಮುಂದಕ್ಕೆ ಹೋಗ್ಬೇಡಿ, ಒಂದನೇ ಹಂತಕ್ಕೆ ಬನ್ನಿ.

ಕೈಯಾರೆ ಮಾಡಿ ನೋಡೋಕೆ ಮೂರು

ಈರುಳ್ಳಿ ಒಬ್ರು "ನೂರಕ್ಕೆ ಮೂರು ಕೆಜಿ" ಅಂತಾರೆ, ಪಕ್ಕದೋರು "ಎರಡು ಕೆಜಿ 65" ಅಂತಾರೆ. ಕೆಜಿಗೆ 33.33 ಮತ್ತು 32.50, ಪಕ್ಕದೋರದ್ದೇ ಅಗ್ಗ.

14.2 ಕೆಜಿ ಸಿಲಿಂಡರ್ 38 ದಿನ ಬಂತು, ದಿನಕ್ಕೆ ಎಷ್ಟು ಗ್ರಾಂ ಗ್ಯಾಸ್? 14,200 ÷ 38, ಸುಮಾರು 374 ಗ್ರಾಂ.

30 ಗುಂಟೆ ತೋಟದಲ್ಲಿ 6 ಕ್ವಿಂಟಾಲ್ ಒಣ ಅಡಿಕೆ, ಎಕರೆಗೆ ಎಷ್ಟು? 30 ÷ 40 = 0.75 ಎಕರೆ, 6 ÷ 0.75 = 8 ಕ್ವಿಂಟಾಲ್. ನಿಮಗೆ 20 ಬಂದಿದ್ರೆ 30 ಗುಂಟೆನ 0.30 ಎಕರೆ ಅಂತ ಒತ್ತಿದೀರಿ, ಮೂರನೇ ಹಂತ ಇನ್ನೊಂದ್ಸಲ ಓದಿ.